ಆಮ್ಲ–ಪ್ರತ್ಯಾಮ್ಲ ಬೆರೆಸಿದಾಗ ಎಷ್ಟು ಡಿಗ್ರಿ ಏರಬೇಕು?

ಪ್ರಶ್ನೆ: "ಸರ್, ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯವಳು, ಬಿಎಸ್ಸಿ ಎರಡನೇ ಸೆಮಿಸ್ಟರ್. ನಾವು ನಾಲ್ವರು ಸೇರಿ ತಟಸ್ಥೀಕರಣದ ಶಾಖ ಅಳೆಯುವ ಪ್ರಯೋಗ ಮಾಡಿದೆವು. 250 ಎಂಎಲ್ ಗಾಜಿನ ಬೀಕರಿನಲ್ಲಿ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಎಂಎಲ್, ಅದಕ್ಕೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್) 50 ಎಂಎಲ್. ಮೊದಲ ದಿನ ಕಾಸ್ಟಿಕ್ ಆಗಷ್ಟೇ ಕರಗಿಸಿ ಹಾಕಿದ್ದೆವು. ಆಮ್ಲ 31 ಡಿಗ್ರಿ ಇತ್ತು, ಬೆರೆಸಿದ ಮೇಲೆ 38 ಆಯಿತು. ಏರಿಕೆ 7 ಅಂತ ಹಿಡಿದು ಲೆಕ್ಕ ಮಾಡಿದರೆ ಮೋಲಿಗೆ 58.5 ಕಿಲೋಜೂಲ್ ಬಂತು. ಪುಸ್ತಕದಲ್ಲಿ 57.3 ಐತಿ, ಎಲ್ಲರಿಗೂ ಖುಷಿ. ಇನ್ನೂ ಚೊಲೋ ಮಾಡೋಣ ಅಂತ ಎರಡೂ ದ್ರಾವಣ ರಾತ್ರಿಯಿಡೀ ಇಟ್ಟು, ಮರುದಿನ ಎರಡೂ 31 ಇದ್ದಾಗ ಬೆರೆಸಿದೆವು. 36.5ಕ್ಕೇ ನಿಂತಿತು, ಉತ್ತರ 46. ಏರಿಕೆ ದುಪ್ಪಟ್ಟಾಗಲಿ ಅಂತ ಮೂರನೇ ಸಲ 100 ಎಂಎಲ್, 100 ಎಂಎಲ್ ತೊಗೊಂಡೆವು. 37 ಆಯಿತು, ಅಷ್ಟೇ. ಉತ್ತರ 50.2. ಕೋಣೆ 34 ಡಿಗ್ರಿ ಇತ್ತು. ಮೊದಲ ದಿನದ ರೀಡಿಂಗೇ ರೆಕಾರ್ಡಿಗೆ ಬರಿ ಅಂತಾರೆ ಗೆಳತಿಯರು. ಬೋರಿನ ಸವಳು ನೀರಿನ ದೋಷ ಅಂತಾಳೆ ಒಬ್ಬಳು. ಗಾಢ ಆಮ್ಲ ಹಾಕಿದರೆ ಸರಿ ಬರತೈತಿ ಅಂತಾಳೆ ಇನ್ನೊಬ್ಬಳು. ನಾವು ತಪ್ಪಿದ್ದು ಎಲ್ಲಿ? ಎಷ್ಟು ಡಿಗ್ರಿ ಏರಬೇಕು ಅಂತ ಮೊದಲೇ ಲೆಕ್ಕ ಹಾಕಲಿಕ್ಕೆ ಬರತದೇನು? ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ. ಇವ್ಯಾಪರೇಟರ್ (ಕಬ್ಬಿನ ರಸ ಕುದಿಸಿ ಗಟ್ಟಿ ಮಾಡುವ ಪಾತ್ರೆ) ತೊಳೆದ ಕಾಸ್ಟಿಕ್ ನೀರಿಗೆ ಆಮ್ಲ ಹಾಕುವಾಗಲೂ ಇದೇ ಲೆಕ್ಕ ನಡೀತದೇನು ಅಂತ ಕೇಳಿದರು."

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು, ಮೂರೂ ದಿನದ ಅಂಕಿಗಳನ್ನು, ಕೋಣೆಯ ತಾಪಮಾನವನ್ನೂ ಬಿಡದೆ ಬರೆದಿದ್ದೀರಿ ಎಂಬುದು. ಅದರಿಂದಾಗಿಯೇ ಇಷ್ಟು ದೂರ ಕುಳಿತು ನಿಮ್ಮ ಬೀಕರಿನೊಳಗೆ ಏನಾಯಿತೆಂದು ಹೇಳಲು ಸಾಧ್ಯವಾಗುತ್ತಿದೆ. ಮೊದಲಿಗೆ ಒಂದು ಮಾತು. ನೀವು ಕೆಟ್ಟಿತು ಎಂದುಕೊಂಡ ಎರಡನೇ ಮತ್ತು ಮೂರನೇ ಪ್ರಯೋಗಗಳು ಚೆನ್ನಾಗಿವೆ. ರೆಕಾರ್ಡಿಗೆ ಉತ್ತರವೆಂದು ಬರೆಯಬಾರದ್ದು ಯಾವುದಾದರೂ ಇದ್ದರೆ ಅದು ಪುಸ್ತಕಕ್ಕೆ ಹೊಂದಿಬಂದ ಮೊದಲ ದಿನದ 58.5.

ಎಷ್ಟು ಏರಬೇಕು ಎಂಬುದರಿಂದ ಶುರು ಮಾಡೋಣ. ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಎರಡೂ ನೀರಿನಲ್ಲಿ ಪೂರ್ತಿ ಅಯಾನುಗಳಾಗಿ, ಅಂದರೆ ವಿದ್ಯುದಂಶವಿರುವ ಕಣಗಳಾಗಿ, ಬಿಡಿಬಿಡಿಯಾಗಿರುತ್ತವೆ. ಬೆರೆತಾಗ ನಿಜವಾಗಿ ನಡೆಯುವ ಕ್ರಿಯೆ ಒಂದೇ: ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಕೂಡಿ ನೀರಾಗುವುದು. ಸೋಡಿಯಂ, ಕ್ಲೋರೈಡ್ ಪಕ್ಕದಲ್ಲಿ ಸುಮ್ಮನಿರುತ್ತವೆ. ಅದಕ್ಕೇ ಹೈಡ್ರೋಕ್ಲೋರಿಕ್ ಬಳಸಿದರೂ ನೈಟ್ರಿಕ್ ಬಳಸಿದರೂ, ಒಂದು ಮೋಲ್ ನೀರು ಹುಟ್ಟುವಾಗ ಬಿಡುಗಡೆಯಾಗುವ ಶಾಖ ಹೆಚ್ಚುಕಡಿಮೆ ಅಷ್ಟೇ. ಅಯಾನುಗಳಿಂದ ಇದನ್ನು ವಿವರಿಸುವ ದಾರಿ ತೋರಿಸಿದ್ದು 1887ರಲ್ಲಿ ಪ್ರಕಟವಾದ, ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಅರೇನಿಯಸ್ಸರ ಸಿದ್ಧಾಂತ.

ಮೋಲ್ ಎಂದರೆ ಕಣಗಳನ್ನು ಎಣಿಸುವ ರಸಾಯನಶಾಸ್ತ್ರದ ಅಳತೆ, 1 ಮೋಲಾರ್ ಎಂದರೆ ಲೀಟರ್ ದ್ರಾವಣದಲ್ಲಿ ಒಂದು ಮೋಲ್. ನಿಮ್ಮ 50 ಎಂಎಲ್ ಆಮ್ಲದಲ್ಲಿ ಇರುವುದು 0.05 ಮೋಲ್, ಕಾಸ್ಟಿಕ್‌ನಲ್ಲೂ ಅಷ್ಟೇ. ಹುಟ್ಟುವ ನೀರು 0.05 ಮೋಲ್. ಒಂದು ಮೋಲ್ ನೀರಿಗೆ ಪುಸ್ತಕದ 57.3 ಕಿಲೋಜೂಲ್ ಹಿಡಿದರೆ ಬರುವ ಶಾಖ 2865 ಜೂಲ್. ಈ ಶಾಖ ಬಿಸಿ ಮಾಡಬೇಕಾದದ್ದು ಸುಮಾರು 100 ಗ್ರಾಂ ದ್ರಾವಣವನ್ನು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು (ಇದೇ ನೀರಿನ ವಿಶಿಷ್ಟ ಶಾಖ), ಹಾಗಾಗಿ 100 ಗ್ರಾಮಿಗೆ 418. 2865ನ್ನು 418ರಿಂದ ಭಾಗಿಸಿದರೆ 6.85 ಡಿಗ್ರಿ. ಶಾಖವೆಲ್ಲ ದ್ರಾವಣಕ್ಕೇ ಹೋದರೆ ಏರಿಕೆ ಇಷ್ಟು, ಇದಕ್ಕಿಂತ ಹೆಚ್ಚಲ್ಲ. ಉಪ್ಪಿನ ದ್ರಾವಣದ ವಿಶಿಷ್ಟ ಶಾಖ ನೀರಿಗಿಂತ ತುಸು ಕಡಿಮೆ, ಒಂದು ಎಂಎಲ್‌ನ ತೂಕ ತುಸು ಹೆಚ್ಚು. ಎರಡೂ ಒಂದನ್ನೊಂದು ಬಹುಪಾಲು ಸರಿದೂಗಿಸುತ್ತವೆ, ನಿಮ್ಮ ಥರ್ಮಾಮೀಟರಿನ ಮಟ್ಟಿಗೆ ಆ ವ್ಯತ್ಯಾಸ ಬಿಟ್ಟುಬಿಡಿ.

ಈಗ 100 ಎಂಎಲ್, 100 ಎಂಎಲ್ ತೆಗೆದುಕೊಳ್ಳಿ. ಮೋಲ್ ದುಪ್ಪಟ್ಟು, ಶಾಖ 5730 ಜೂಲ್. ಆದರೆ ಬಿಸಿಯಾಗಬೇಕಾದ ದ್ರಾವಣವೂ 200 ಗ್ರಾಂ. ಭಾಗಿಸಿ ನೋಡಿ, ಅದೇ 6.85. ಒಂದು ಕಪ್ ಚಹಾಕ್ಕೆ ಒಂದು ಚಮಚ, ಎರಡು ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿದರೆ ಸಿಹಿ ಹೆಚ್ಚಾಗುವುದಿಲ್ಲವಲ್ಲ, ಹಾಗೆ. ಏರಿಕೆ ಹೆಚ್ಚಬೇಕಾದರೆ ಹೆಚ್ಚಿಸಬೇಕಾದದ್ದು ದ್ರಾವಣದ ಸಾಂದ್ರತೆಯನ್ನು: 2 ಮೋಲಾರ್ ಆದರೆ 13.7 ಡಿಗ್ರಿ, ಅರ್ಧ ಮೋಲಾರ್ ಆದರೆ 3.4. ಒಂದನ್ನು ಮಾತ್ರ ಹೆಚ್ಚು ಹಾಕಿದರೆ ಏರಿಕೆ ಇಳಿಯುತ್ತದೆ. 50 ಎಂಎಲ್ ಆಮ್ಲಕ್ಕೆ 100 ಎಂಎಲ್ ಕಾಸ್ಟಿಕ್ ಸುರಿದರೆ ಹುಟ್ಟುವ ನೀರು ಆ 0.05 ಮೋಲೇ, ಉಳಿದ ಕಾಸ್ಟಿಕ್ ಸುಮ್ಮನೆ ಶಾಖ ಹಂಚಿಕೊಳ್ಳುತ್ತದೆ, ಏರಿಕೆ 4.6ಕ್ಕೆ ಬೀಳುತ್ತದೆ. ಗಂಧಕಾಮ್ಲ ಬಳಸುವಾಗ ಇನ್ನೊಂದು ಎಚ್ಚರ ಬೇಕು. ಅದರ ಒಂದು ಮೋಲ್ ಎರಡು ಮೋಲ್ ಕಾಸ್ಟಿಕ್ ಬೇಡುತ್ತದೆ, ಎರಡು ಮೋಲ್ ನೀರು ಕೊಡುತ್ತದೆ. ಯಾವಾಗಲೂ ಹುಟ್ಟಿದ ನೀರಿನ ಮೋಲ್ ಎಣಿಸಿ, ಲೆಕ್ಕ ತಪ್ಪುವುದಿಲ್ಲ.

ಇನ್ನು ಮೊದಲ ದಿನಕ್ಕೆ ಬರೋಣ. ಕಾಸ್ಟಿಕ್ ನೀರಿನಲ್ಲಿ ಕರಗುವುದೇ ಶಾಖ ಬಿಡುವ ಕ್ರಿಯೆ, ಮೋಲಿಗೆ ಸುಮಾರು 44 ಕಿಲೋಜೂಲ್. 1 ಮೋಲಾರ್ ದ್ರಾವಣ ಮಾಡುವಾಗಲೇ ಅದು ಹತ್ತು ಡಿಗ್ರಿಯಷ್ಟು ಬಿಸಿಯಾಗುತ್ತದೆ, ಫ್ಲಾಸ್ಕಿನ ತಳ ಅಂಗೈಗೆ ಬೆಚ್ಚಗೆ ತಾಗುತ್ತದೆ. ನೀವು ಆಮ್ಲದ ತಾಪಮಾನ ನೋಡಿದಿರಿ, ಕಾಸ್ಟಿಕ್‌ನದನ್ನು ನೋಡಲಿಲ್ಲ. ಮರುದಿನದ ರೀಡಿಂಗಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅದು 34ರ ಆಸುಪಾಸಿನಲ್ಲಿ ಇದ್ದಿರಬೇಕು. ಸಮ ಪ್ರಮಾಣದಲ್ಲಿ ಬೆರೆಸಿದಾಗ ಆರಂಭದ ತಾಪಮಾನ ಎರಡರ ಸರಾಸರಿ, ಅಂದರೆ 32.5. ನಿಜವಾದ ಏರಿಕೆ 38ರಿಂದ 32.5 ಕಳೆದ 5.5. ಮರುದಿನ ಬಂದದ್ದೂ ಅದೇ 5.5! ಎರಡೂ ದಿನ ಬೀಕರಿನಲ್ಲಿ ಆದದ್ದು ಒಂದೇ. ಮೊದಲ ದಿನ ಕರಗಿಸಿದ ಶಾಖವನ್ನು ತಟಸ್ಥೀಕರಣದ ಖಾತೆಗೆ ಬರೆದಿರಿ. ಬೀಕರು ನುಂಗಿದ್ದನ್ನು ಅದು ಮುಚ್ಚಿಹಾಕಿತು, ಉತ್ತರ ಪುಸ್ತಕಕ್ಕೆ ಹೊಂದಿತು. ಎರಡು ತಪ್ಪು ಎದುರುಬದುರು ನಿಂತು ಸರಿ ಉತ್ತರದಂತೆ ಕಾಣುವುದನ್ನು ಪ್ರಯೋಗಾಲಯದಲ್ಲಿ ನಾನು ಬಹಳ ಸಲ ನೋಡಿದ್ದೇನೆ. ಉತ್ತರ ಹೊಂದಿದ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತೇವೆ, ಹಾಗಾಗಿ ಅದು ಸಿಕ್ಕಿಬೀಳುವುದೇ ಅಪರೂಪ. ನೀವು ನಿಲ್ಲಿಸಲಿಲ್ಲ.

ಬೀಕರು ನುಂಗಿತು ಎಂದೆ. 250 ಎಂಎಲ್ ಗಾಜಿನ ಬೀಕರು ಸುಮಾರು 100 ಗ್ರಾಂ ತೂಗುತ್ತದೆ. ಗಾಜಿನ ವಿಶಿಷ್ಟ ಶಾಖ ಗ್ರಾಮಿಗೆ ಸುಮಾರು 0.84 ಜೂಲ್. ಇಡೀ ಬೀಕರನ್ನು ಒಂದು ಡಿಗ್ರಿ ಏರಿಸಲು 84 ಜೂಲ್ ಬೇಕು. 418ರ ಮುಂದೆ 84 ಸಣ್ಣ ಅಂಕಿಯಲ್ಲ, ಐದನೇ ಒಂದು ಭಾಗ! ನಿಮ್ಮ ಲೆಕ್ಕದಲ್ಲಿ ಬೀಕರಿಗೆ ಪಾಲೇ ಇರಲಿಲ್ಲ. ಅದಕ್ಕೇ 46 ಬಂತು. ದ್ರಾವಣ ಇಮ್ಮಡಿಯಾದಾಗ ಅದೇ ಬೀಕರಿನ ಪಾಲು ಹತ್ತನೇ ಒಂದಕ್ಕೆ ಇಳಿಯಿತು, ಅದಕ್ಕೇ 50.2 ಬಂತು. ಮೂರನೇ ಪ್ರಯೋಗದಲ್ಲಿ ಅರ್ಧ ಡಿಗ್ರಿ ಹೆಚ್ಚು ಏರಿದ್ದು ಆಕಸ್ಮಿಕ ಅಲ್ಲ.

ಇದಕ್ಕಿಂತ ಚೆಂದದ್ದು ಮುಂದೆ ಇದೆ. ಬೀಕರಿನ ತೂಕ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ, ಪುಸ್ತಕದ 57.3ನ್ನೂ ಮರೆಯಿರಿ. ಬೀಕರನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ ಒಂದು ಅಜ್ಞಾತ, ಒಂದು ಮೋಲ್ ನೀರಿನ ಶಾಖ ಇನ್ನೊಂದು ಅಜ್ಞಾತ. ನಿಮ್ಮ ಕೈಯಲ್ಲಿ ಎರಡು ಪ್ರಯೋಗ ಇವೆ, ಎರಡು ಸಮೀಕರಣ ಬರೆಯಬಹುದು. ಎರಡನೇ ದಿನದ ಶಾಖ, 418ಕ್ಕೆ ಬೀಕರಿನ ಪಾಲು ಕೂಡಿಸಿ 5.5ರಿಂದ ಗುಣಿಸಿದಷ್ಟು. ಮೂರನೆಯದರ ಶಾಖ, 836ಕ್ಕೆ ಅದೇ ಪಾಲು ಕೂಡಿಸಿ 6ರಿಂದ ಗುಣಿಸಿದಷ್ಟು. ಮೋಲ್ ದುಪ್ಪಟ್ಟಾದ್ದರಿಂದ ಮೂರನೆಯದು ಎರಡನೆಯದರ ಸರಿಯಾಗಿ ಎರಡರಷ್ಟು ಇರಬೇಕು. ಬಿಡಿಸಿ ನೋಡಿ: ಬೀಕರಿನ ಪಾಲು 83.6 ಜೂಲ್ ಬರುತ್ತದೆ. ಅದನ್ನು ಹಿಂದಕ್ಕೆ ಹಾಕಿದರೆ 501.6ನ್ನು 5.5ರಿಂದ ಗುಣಿಸಿ 0.05ರಿಂದ ಭಾಗಿಸಿದಷ್ಟು, ಅಂದರೆ ಮೋಲಿಗೆ 55.2 ಕಿಲೋಜೂಲ್. ಗಾಜಿನ ತೂಕದಿಂದ ಬೇರೆಯಾಗಿ ಲೆಕ್ಕ ಹಾಕಿದ 84ಕ್ಕೂ ಇದು ಕೂಡಿಬಂತು. ಉತ್ತರ ನೀವು ರೀಡಿಂಗ್ ಬರೆದ ಪುಸ್ತಕದಲ್ಲೇ ಇತ್ತು, ಎರಡು 'ಕೆಟ್ಟ' ರೀಡಿಂಗುಗಳ ನಡುವೆ.

ಇದನ್ನು ನೋಡಿ ಬೀಗುವಷ್ಟೂ ಅಲ್ಲ. ನಿಮ್ಮ ಥರ್ಮಾಮೀಟರ್ ಒಂದೊಂದು ಡಿಗ್ರಿಯ ಗೆರೆಯದು, ಅರ್ಧವನ್ನು ಕಣ್ಣಂದಾಜಿನಲ್ಲಿ ಓದಿದ್ದೀರಿ. ಆ 6.0 ನಿಜವಾಗಿ 5.9 ಆಗಿದ್ದರೆ ಬೀಕರಿನ ಪಾಲು 66ಕ್ಕೂ ಉತ್ತರ 53.2ಕ್ಕೂ ಇಳಿಯುತ್ತದೆ. ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಎರಡು ಕಿಲೋಜೂಲ್ ಅಲುಗಾಡುತ್ತದೆ ಎಂದಾಯಿತು. 100 ಎಂಎಲ್ ಇದ್ದಾಗ ಬೀಕರಿನ ಮೇಲಿನ ಭಾಗ ಒಣಗಿರುತ್ತದೆ, ಅದು ಪೂರ್ತಿ ಬಿಸಿಯಾಗುವುದೂ ಇಲ್ಲ. ಆದ್ದರಿಂದ 55 ಎಂದಷ್ಟೇ ಬರೆಯಿರಿ, ಪಕ್ಕದಲ್ಲಿ ಎರಡು ಮೂರು ಕಿಲೋಜೂಲ್ ಹೆಚ್ಚುಕಡಿಮೆ ಎಂದು ನಮೂದಿಸಿ. 55.176 ಎಂದು ಕ್ಯಾಲ್ಕುಲೇಟರ್ ತೋರಿಸಿದ್ದನ್ನೆಲ್ಲ ಇಳಿಸಬೇಡಿ.

ಆ 57.3 ಕೂಡ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ಅದು ಸುಮಾರು 18 ಡಿಗ್ರಿಯ ತಂಪು ಪ್ರಯೋಗಾಲಯಕ್ಕೆ ಹೊಂದುವ ಅಂಕಿ. 25 ಡಿಗ್ರಿಯಲ್ಲಿ, ಬಹಳ ತೆಳುವಾದ ದ್ರಾವಣಕ್ಕೆ, ಈಗ ಒಪ್ಪಿರುವ ಬೆಲೆ 55.8. ತಾಪಮಾನ ಒಂದು ಡಿಗ್ರಿ ಏರಿದಂತೆ ಈ ಶಾಖ ಸುಮಾರು 0.2 ಕಿಲೋಜೂಲ್ ಇಳಿಯುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಬೇಸಿಗೆಯಲ್ಲಿ ದ್ರಾವಣವೇ 33–34 ಡಿಗ್ರಿ ಇರುವಾಗ 54ರ ಆಸುಪಾಸು ಬರುವುದು ಸಹಜ, ಉಪ್ಪಿನ ಸಾಂದ್ರತೆಯಿಂದ ತುಸು ಮೇಲೆ ಹೋಗಬಹುದು. ಏಪ್ರಿಲ್ ತಿಂಗಳಲ್ಲಿ ಇಂಡಿಯಲ್ಲಿ ಕುಳಿತು 57.3 ಹಿಡಿಯಲೇಬೇಕು ಎಂದು ಹಟ ಹಿಡಿದರೆ ಅಂಕಿಗಳನ್ನು ತಿದ್ದುವುದೊಂದೇ ದಾರಿ. ಹಾಗೆ ಮಾಡಬೇಡಿ. ನಿಮ್ಮ ಮೇಡಂ ಅಥವಾ ಸರ್ ಕೇಳಿದರೆ ಈ ಲೆಕ್ಕವನ್ನೇ ತೋರಿಸಿ. ಮೂರೂ ರೀಡಿಂಗ್ ಬರೆದು, ಮೊದಲನೆಯದನ್ನು ಏಕೆ ಬಿಟ್ಟೆವು ಎಂದು ಎರಡು ಸಾಲು ಸೇರಿಸಿದ ರೆಕಾರ್ಡನ್ನು ಯಾವ ಒಳ್ಳೆಯ ಅಧ್ಯಾಪಕರೂ ಇಷ್ಟಪಡುತ್ತಾರೆ.

"ಶಾಖ ಗಾಳಿಗೆ ಹೋಯಿತು" ಎಂದು ಬಹಳ ಜನ ಬರೆಯುತ್ತಾರೆ. ನಿಮ್ಮ ವಿಷಯದಲ್ಲಿ ಅದು ಸರಿಯಲ್ಲ. ಕೋಣೆ 34, ನೀವು 31ರಿಂದ ಶುರು ಮಾಡಿ 36.5ಕ್ಕೆ ಮುಟ್ಟಿದಿರಿ. ಮೊದಲರ್ಧದಲ್ಲಿ ಗಾಳಿಯೇ ಬೀಕರಿಗೆ ಶಾಖ ಕೊಡುತ್ತಿತ್ತು, ಕೊನೆಯರ್ಧದಲ್ಲಿ ಬೀಕರು ಗಾಳಿಗೆ ಕೊಟ್ಟಿತು, ಎರಡೂ ಹೆಚ್ಚುಕಡಿಮೆ ವಜಾ ಆದವು. ಗೊತ್ತಿಲ್ಲದೆಯೇ ಒಳ್ಳೆಯ ಉಪಾಯ ಮಾಡಿದ್ದೀರಿ. ಮುಂದೆ ಗೊತ್ತಿದ್ದೇ ಮಾಡಿ: ಎಷ್ಟು ಡಿಗ್ರಿ ಏರುತ್ತದೆಂದು ಮೊದಲು ಲೆಕ್ಕ ಹಾಕಿ, ಅದರ ಅರ್ಧದಷ್ಟು ಕೋಣೆಗಿಂತ ತಂಪಾಗಿ ಶುರು ಮಾಡಿ. ಮೇ ಮಧ್ಯಾಹ್ನ ಕೋಣೆ 39 ಇದ್ದು ದ್ರಾವಣ 30 ಇದ್ದರೆ ಬೀಕರು ಶಾಖವನ್ನು ಹೊರಗಿನಿಂದ ಪಡೆಯುತ್ತಲೇ ಇರುತ್ತದೆ, ಉತ್ತರ ನಿಜಕ್ಕಿಂತ ಮೇಲೆ ಹೋಗುತ್ತದೆ. ತಲೆಯ ಮೇಲಿನ ಫ್ಯಾನ್ ಆ ಐದು ನಿಮಿಷ ಬಂದ್ ಮಾಡಿ. ಬೆರೆಸುವ ಮೊದಲು ನಾಲ್ಕು ನಿಮಿಷ, ಬೆರೆಸಿದ ಮೇಲೆ ಆರೇಳು ನಿಮಿಷ, ಅರ್ಧರ್ಧ ನಿಮಿಷಕ್ಕೆ ತಾಪಮಾನ ಬರೆದು ಗ್ರಾಫ್ ಎಳೆಯಿರಿ. ಬೆರೆಸಿದ ಮೇಲಿನ ಇಳಿಜಾರು ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಎಳೆದರೆ ನಿಜವಾದ ಗರಿಷ್ಠ ತಾಪಮಾನ ಸಿಗುತ್ತದೆ. ಕಲಕಲು ಗಾಜಿನ ಕಡ್ಡಿ ಬಳಸಿ. ಥರ್ಮಾಮೀಟರಿನಿಂದಲೇ ಕಲಕಿ ಬಲ್ಬ್ ಒಡೆದರೆ ಪಾದರಸ ಬಳಿಯುವ ಕೆಲಸ ಬೇರೆ.

ಸವಳು ನೀರಿನ ಅನುಮಾನ ಸಹಜ, ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರು ಗಡಸೇ. ಆದರೆ ಪ್ರಮಾಣ ನೋಡಿ. ಲೀಟರಿಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರತೆ ಇದ್ದರೆ ಅದು ತಿನ್ನುವ ಆಮ್ಲ 0.01 ಮೋಲ್. ನಿಮ್ಮ ಲೀಟರ್ ದ್ರಾವಣದಲ್ಲಿ ಆಮ್ಲ 1 ಮೋಲ್. ನೂರಕ್ಕೆ ಒಂದು. ಕಾಸ್ಟಿಕ್ ಹಾಕಿದಾಗ ನೀರು ಬೆಳ್ಳಗೆ ಕದಡುತ್ತದೆ ಎಂಬ ಕಾರಣಕ್ಕಾದರೂ ಡಿಸ್ಟಿಲ್ಡ್ ವಾಟರ್ ಬಳಸಿ, ಆದರೆ 46ಕ್ಕೆ ಅದು ಕಾರಣ ಅಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ಕಾಸ್ಟಿಕ್ ಡಬ್ಬಿ. ಮುಚ್ಚಳ ಸಡಿಲವಿದ್ದರೆ ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಅಂಟಂಟಾಗುತ್ತದೆ. 40 ಗ್ರಾಂ ತೂಗಿದರೂ ಕಾಸ್ಟಿಕ್ 36 ಗ್ರಾಮೇ ಇರಬಹುದು, ಆಗ ಏರಿಕೆ ನೂರಕ್ಕೆ ಹತ್ತು ಕಡಿಮೆ. ಆಕ್ಸಾಲಿಕ್ ಆಮ್ಲದ ಎದುರು ಟೈಟ್ರೇಷನ್ ಮಾಡಿ (ಎಷ್ಟು ಆಮ್ಲಕ್ಕೆ ಎಷ್ಟು ಕಾಸ್ಟಿಕ್ ಸರಿಹೋಗುತ್ತದೆಂದು ಹನಿಹನಿಯಾಗಿ ಅಳೆದು) ನಿಜವಾದ ಸಾಂದ್ರತೆ ತಿಳಿದುಕೊಳ್ಳಿ.

ಬೀಕರಿನ ಬದಲು ಏನು ಬಳಸಬಹುದು? ಒಂದರೊಳಗೊಂದು ಇಟ್ಟ ಎರಡು ಥರ್ಮೋಕೋಲ್ ಕಪ್ ಒಳ್ಳೆಯ ಆಯ್ಕೆ. ಹಗುರವಾದ್ದರಿಂದ ಅದು ನುಂಗುವ ಶಾಖ ತೀರ ಕಡಿಮೆ, ತೆಳು ಆಮ್ಲ, ತೆಳು ಕಾಸ್ಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಉರುಳಿ ಬೀಳುವ ಭಯ ಇದೆ, ಆದ್ದರಿಂದ ಅದನ್ನು ಬೀಕರಿನೊಳಗೆ ಕೂರಿಸಿ, ತೂತಿರುವ ರಟ್ಟಿನ ಮುಚ್ಚಳ ಹಾಕಿ. ಭೌತಶಾಸ್ತ್ರ ವಿಭಾಗದಿಂದ ತಾಮ್ರದ ಕ್ಯಾಲರಿಮೀಟರ್ ತರಬೇಡಿ, ಕಪ್ಪಾದ ತಾಮ್ರದ ಮೇಲಿನ ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ. ಸ್ಟೀಲ್ ಥರ್ಮಾಸ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಎಂದೂ ಬೇಡ, ಆಮ್ಲ, ಕಾಸ್ಟಿಕ್ ಎರಡರ ಜೊತೆಗೂ ಸೇರಿ ಹೈಡ್ರೋಜನ್ ಬಿಡುತ್ತದೆ. ಬೀಕರೇ ಗತಿ ಎಂದಾದರೆ ಅದರ ಪಾಲನ್ನು ನೀರಿನಿಂದಲೇ ಅಳೆಯಬಹುದು. ಬೀಕರಿನಲ್ಲಿ 30 ಡಿಗ್ರಿಯ 50 ಎಂಎಲ್ ನೀರು, ಅದಕ್ಕೆ 50 ಡಿಗ್ರಿಯ 50 ಎಂಎಲ್ ಬಿಸಿನೀರು. ಸರಿಯಾಗಿ 40 ಆಗಬೇಕಿತ್ತು, 38.3 ಆಯಿತು ಎನ್ನಿ. ಬಿಸಿನೀರು ಕೊಟ್ಟದ್ದು 2445 ಜೂಲ್, ತಣ್ಣೀರು ಪಡೆದದ್ದು 1735. ಉಳಿದ 710ನ್ನು ಬೀಕರು 8.3 ಡಿಗ್ರಿ ಏರಲು ಬಳಸಿತು, ಡಿಗ್ರಿಗೆ ಸುಮಾರು 85.

ದುರ್ಬಲ ಆಮ್ಲದ ಬಗ್ಗೆ ನೀವು ಕೇಳಿಲ್ಲ, ಆದರೆ ವೈವಾದಲ್ಲಿ ಕೇಳುತ್ತಾರೆ. ದುರ್ಬಲ ಎಂದರೆ ಶಾಖ ಅರ್ಧ ಎಂದು ತಿಳಿದವರಿದ್ದಾರೆ. ಅಸಿಟಿಕ್ ಆಮ್ಲದ ಬೆಲೆ ಪ್ರಬಲ ಆಮ್ಲಕ್ಕೆ ತೀರ ಹತ್ತಿರ, ಒಂದು ಡಿಗ್ರಿ ಗೆರೆಯ ಥರ್ಮಾಮೀಟರ್ ಆ ವ್ಯತ್ಯಾಸ ಹಿಡಿಯಲಾರದು. ಅಮೋನಿಯಾ–ಹೈಡ್ರೋಕ್ಲೋರಿಕ್ ಜೋಡಿ 52ರಷ್ಟು ಕೊಡುತ್ತದೆ. ಹೈಡ್ರೋಸಯಾನಿಕ್ ಆಮ್ಲ ಕೊಡುವುದು ಕೇವಲ 12, ಹೈಡ್ರೋಫ್ಲೋರಿಕ್ ಆಮ್ಲ 68. ಆಮ್ಲದ ಅಣು ಬಿಡಿಸಿಕೊಳ್ಳುವಾಗ ಶಾಖ ಬೇಕೋ ಹೊರಬರುತ್ತದೋ ಎಂಬುದರ ಮೇಲೆ ಅದು ನಿಂತಿದೆ.

ಗಾಢ ಆಮ್ಲ ಹಾಕುವ ಸಲಹೆಯನ್ನು ಮಾತ್ರ ಖಂಡಿತ ಬಿಡಿ. ಗಾಢ ಆಮ್ಲ ನೀರಿನಲ್ಲಿ ತೆಳುವಾಗುವಾಗಲೇ ಶಾಖ ಬಿಡುತ್ತದೆ, ಅದೂ ತಟಸ್ಥೀಕರಣದ ಲೆಕ್ಕದಲ್ಲಿ ಬೆರೆತುಹೋಗುತ್ತದೆ. 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಸಾಯನಶಾಸ್ತ್ರಜ್ಞ ಹೆಸ್ ಇದನ್ನೇ ಕೈಯಾರೆ ಅಳೆದರು. ಗಂಧಕಾಮ್ಲವನ್ನು ಬೇರೆ ಬೇರೆ ಮಟ್ಟಕ್ಕೆ ತೆಳುಮಾಡಿ ಆಮೇಲೆ ತಟಸ್ಥಗೊಳಿಸಿದರೆ, ಎರಡು ಹಂತದ ಶಾಖ ಕೂಡಿಸಿದಾಗ ಮೊತ್ತ ಒಂದೇ ಬರುತ್ತದೆ ಎಂದು ಕಂಡರು. ಹೆಸ್ ನಿಯಮ ಹುಟ್ಟಿದ್ದು ಇಂಥ ಆಮ್ಲದ ಪ್ರಯೋಗಗಳಿಂದಲೇ. ಏರಿಕೆ ದೊಡ್ಡದಾಗಿ ಕಾಣಲಿ ಎಂದರೆ 2 ಮೋಲಾರ್‌ವರೆಗೆ ಹೋಗಿ, ಕನ್ನಡಕ ಹಾಕಿಕೊಂಡು ಮಾಡಿ, ಅದಕ್ಕಿಂತ ಮೇಲೆ ಬೇಡ. ಮೈಮೇಲೆ ಆಮ್ಲ ಬಿದ್ದರೆ ಕಾಸ್ಟಿಕ್ ಹಚ್ಚಿ ತಟಸ್ಥ ಮಾಡುವ ಯೋಚನೆಯೂ ಬೇಡ, ನೀವು ಅಳೆದ ಅದೇ ಶಾಖ ಚರ್ಮದ ಮೇಲೆ ಬಿಡುಗಡೆಯಾಗುತ್ತದೆ. ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯುವುದೊಂದೇ ಸರಿ.

ಅಪ್ಪನ ಪ್ರಶ್ನೆಗೆ ಉತ್ತರ ಹೌದು, ಲೆಕ್ಕ ಇದೇ, ಅಂಕಿಗಳು ದೊಡ್ಡವು. ತೊಳೆದ ನೀರಿನಲ್ಲಿ ಲೀಟರಿಗೆ 20 ಗ್ರಾಂ ಕಾಸ್ಟಿಕ್ ಇದ್ದರೆ ಅದು ಅರ್ಧ ಮೋಲ್. ಬಾಟಲಿಯ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ, ಅದು ತೆಳುವಾಗುವ ಶಾಖವೂ ಸೇರಿ, ಟ್ಯಾಂಕಿನ ನೀರು ಎಂಟು ಡಿಗ್ರಿಯಷ್ಟು ಏರಬಹುದು. ಇಲ್ಲಿ ಪ್ರಯೋಗಾಲಯದಂತೆ ಅರ್ಧರ್ಧ ತೆಳು ದ್ರಾವಣ ಬೆರೆಸುವುದಿಲ್ಲ, ಹತ್ತಿರ ಹನ್ನೆರಡು ಮೋಲಾರ್ ಆಮ್ಲವನ್ನು ಸ್ವಲ್ಪವೇ ಹಾಕುತ್ತೇವೆ. ಅದಕ್ಕೇ ಏರಿಕೆ ನಿಮ್ಮ ಅರ್ಧ ಮೋಲಾರಿನ 3.4ಕ್ಕಿಂತ ಎರಡರಷ್ಟು ಮಿಕ್ಕಿ. ಎಂಟು ಡಿಗ್ರಿ ಭಯದ ಮಾತಲ್ಲ. ಅದೇ ಲೀಟರಿಗೆ 200 ಗ್ರಾಂ ಇರುವ ದಟ್ಟ ಕಾಸ್ಟಿಕ್ ಆದರೆ ಏರಿಕೆ 50ರಿಂದ 60 ಡಿಗ್ರಿ. ನೀರು ಮೊದಲೇ 40 ಇದ್ದರೆ ಕುದಿಯುವ ಹಂತಕ್ಕೆ ಬರುತ್ತದೆ, ಆಮ್ಲ ಬಿದ್ದ ಜಾಗದಲ್ಲಂತೂ ಅದಕ್ಕೂ ಮೊದಲೇ ಸಿಡಿಯುತ್ತದೆ. ಆದ್ದರಿಂದ ಮೊದಲು ಕಾಸ್ಟಿಕ್ ಅನ್ನು ನೀರು ಬೆರೆಸಿ ತೆಳು ಮಾಡಬೇಕು, ಆರಲು ಬಿಡಬೇಕು, ಆಮ್ಲವನ್ನು ಸಣ್ಣ ಧಾರೆಯಲ್ಲಿ ಕಲಕುತ್ತಾ ಬಿಡಬೇಕು, ನಡುನಡುವೆ ತಾಪಮಾನವನ್ನೂ ಪಿಎಚ್ ಅನ್ನೂ ನೋಡಬೇಕು. ಮುಖಕ್ಕೆ ಶೀಲ್ಡ್, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಟ್ಯಾಂಕಿನ ಬಾಯಿಯ ಹತ್ತಿರ ನಿಲ್ಲಬಾರದೆಂದು ಅಪ್ಪನಿಗೆ ಹೇಳಿ. ಎಷ್ಟು ಆಮ್ಲ ಹಾಕಬೇಕೆಂಬುದನ್ನು ಆ ದಿನದ ನೀರಿನ ಟೈಟ್ರೇಷನ್ ನೋಡಿ ಕಾರ್ಖಾನೆಯ ಕೆಮಿಸ್ಟ್ ಬರೆದುಕೊಡಲಿ.